ತಳ ಮಗುಚಿ ನೋಡಿ: ಚೀನಾ–ಜಪಾನ್ ಪಿಂಗಾಣಿಯ ಮುದ್ರೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆಯ ಪತ್ರಗಳನ್ನು ಆರಿಸಿಕೊಂಡಿದ್ದೇವೆ. ಬಹುತೇಕ ಎಲ್ಲರದ್ದೂ ಒಂದೇ ಕುತೂಹಲ: ಮನೆಯ ಪಿಂಗಾಣಿಯ ತಳದಲ್ಲಿರುವ ಅರ್ಥವಾಗದ ಅಕ್ಷರ ಏನು ಹೇಳುತ್ತದೆ?

ಪ್ರಶ್ನೆ: ಹಳೆಯ ಮನೆ ಕೆಡವುವಾಗ ಅಟ್ಟದ ಮೇಲೆ ನೀಲಿ–ಬಿಳಿ ಹೂದಾನಿಯೊಂದು ಸಿಕ್ಕಿತು. ತಳದಲ್ಲಿ ಎರಡು ನೀಲಿ ವೃತ್ತ, ಅದರೊಳಗೆ ಮೂರು ಮೂರರಂತೆ ಎರಡು ಸಾಲು ಅಕ್ಷರ. ಮೊಬೈಲ್ ಆ್ಯಪ್ ಅದನ್ನು ‘ಮಹಾ ಚಿಂಗ್ ವಂಶದ ಕಾಂಗ್‌ಶಿ ಆಳ್ವಿಕೆಯಲ್ಲಿ ಮಾಡಿದ್ದು’ ಎಂದು ಓದಿತು. ಅಂದರೆ ಮುನ್ನೂರು ವರ್ಷದ್ದೇ? — ಮಾಳಮಡ್ಡಿ, ಧಾರವಾಡ

ಉತ್ತರ: ಆ್ಯಪ್ ಓದಿದ್ದು ಸರಿಯಿರಬಹುದು. ಅದು ಬರೆದದ್ದನ್ನು ಓದಿತು, ಯಾವಾಗ ಬರೆದರು ಎಂಬುದನ್ನಲ್ಲ.

ಮೊದಲು ಓದುವ ಕ್ರಮ. ಬಲಗಡೆಯ ಸಾಲನ್ನು ಮೇಲಿಂದ ಕೆಳಗೆ ಓದಿ, ಆಮೇಲೆ ಎಡಗಡೆಯದಕ್ಕೆ ಬರಬೇಕು. ಮೊದಲ ಎರಡು ಅಕ್ಷರ ವಂಶದ್ದು (‘ದಾ ಮಿಂಗ್’ ಅಥವಾ ‘ದಾ ಚಿಂಗ್’), ನಡುವಿನ ಎರಡು ದೊರೆಯ ಆಳ್ವಿಕೆಯ ಹೆಸರು, ಕೊನೆಯ ಎರಡು ‘ನಿಯಾನ್ ಜಿ’, ಅಂದರೆ ‘ಆ ಕಾಲದಲ್ಲಿ ಮಾಡಿದ್ದು’. ಹಾಗಾಗಿ ನಿಜವಾಗಿ ಹುಡುಕಬೇಕಾದದ್ದು ಮೂರನೆಯ ಮತ್ತು ನಾಲ್ಕನೆಯ ಅಕ್ಷರವನ್ನು ಮಾತ್ರ. ನಾಲ್ಕೇ ಅಕ್ಷರವಿದ್ದರೆ ವಂಶದ ಹೆಸರನ್ನು ಕೈಬಿಟ್ಟಿದ್ದಾರೆ ಎಂದರ್ಥ.

ಹಿಂದಿನ ದೊರೆಯ ಹೆಸರನ್ನು ಹೊಸ ಪಾತ್ರೆಗೆ ಬರೆಯುವುದು ಚೀನಾದಲ್ಲಿ ಹಳೆಯ ರೂಢಿ. ಅದೆಲ್ಲ ಮೋಸವಲ್ಲ, ಹಿಂದಿನವರ ಕೆಲಸಕ್ಕೆ ತೋರುವ ಗೌರವವೂ ಹೌದು. ಕಾಂಗ್‌ಶಿ ಕಾಲದಲ್ಲೇ (1662–1722) ಮಿಂಗ್ ದೊರೆ ಚೆಂಗ್‌ಹ್ವಾನ (1465–1487) ಹೆಸರನ್ನು ಧಾರಾಳವಾಗಿ ಬರೆದಿದ್ದಾರೆ. ಇನ್ನೊಂದು ಕಾರಣವೂ ಇತ್ತು. ಪಾತ್ರೆ ಒಡೆದರೆ ದೊರೆಯ ಹೆಸರಿಗೆ ಅಪಚಾರವಾದೀತೆಂದು 1677ರಲ್ಲಿ ಚೀನಾದ ಪಿಂಗಾಣಿ ಊರಾದ ಜಿಂಗ್‌ದೆಜೆನ್‌ನ ಅಧಿಕಾರಿ ಆ ಹೆಸರು ಬರೆಯುವುದನ್ನೇ ನಿಷೇಧಿಸಿದ. ಆಗ ಆವಿಗೆಯವರು ವೃತ್ತ ಬರೆದು ಒಳಗೆ ಖಾಲಿ ಬಿಟ್ಟರು, ಇಲ್ಲವೆ ಎಲೆಯನ್ನೋ ಮಂಗಳ ಚಿಹ್ನೆಯನ್ನೋ ಬರೆದರು. ಆದ್ದರಿಂದ ಖಾಲಿ ಜೋಡಿ ವೃತ್ತ ಸಿಕ್ಕರೆ ತಿರಸ್ಕರಿಸಬೇಡಿ. ಎಷ್ಟೋ ಸಲ ನಿಜವಾದ ಕಾಂಗ್‌ಶಿ ಪಾತ್ರೆ ಅದೇ. ಕಾಂಗ್‌ಶಿ ಹೆಸರು ಮತ್ತೆ ದಂಡಿಯಾಗಿ ಕಾಣಿಸುವುದು ಗ್ವಾಂಗ್‌ಶು ಕಾಲದಲ್ಲಿ (1875–1908). ಶುಂಠಿ ತುಂಬಿಡುವ ನೀಲಿ ಜಾಡಿಗಳ ತಳದ ನಾಲ್ಕಕ್ಷರದ ಕಾಂಗ್‌ಶಿ ಮುದ್ರೆ ಬಹುಪಾಲು ಆ ಹೊತ್ತಿನದು. ಆಮೇಲೂ ಬರೆದರು, ಇವತ್ತಿಗೂ ಬರೆಯುತ್ತಾರೆ.

ಈಗ ನೀವು ಮಾಡಬೇಕಾದದ್ದು. ಮುದ್ರೆಯ ಮೇಲೆ ಒಂದು ತುಂಡು ಕಾಗದ ಮುಚ್ಚಿ, ಉಳಿದದ್ದನ್ನು ನೋಡಿ. ಕಣ್ಣಿಗೆ ‘ಕಾಂಗ್‌ಶಿ’ ಬಿದ್ದ ಮೇಲೆ ಎಲ್ಲವೂ ಹಳೆಯದಾಗಿಯೇ ಕಾಣತೊಡಗುತ್ತದೆ, ಅದಕ್ಕೇ ಈ ಉಪಾಯ.

ಹೂದಾನಿ ನಿಲ್ಲುವ, ಮೆರುಗು (ಪಾತ್ರೆಯ ಮೇಲಿನ ಗಾಜಿನಂಥ ಲೇಪ, ಗ್ಲೇಜ್) ಇಲ್ಲದ ಬಳೆಯಂಥ ಅಂಚು, ಅಂದರೆ ಪಾದದ ಬಳೆ, ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತದೆ. ಕಟ್ಟಿಗೆಯ ಆವಿಗೆಯಲ್ಲಿ ಸುಟ್ಟ ಹಳೆಯ ಪಾತ್ರೆಯಲ್ಲಿ ಮೆರುಗು ಮುಗಿದು ಮಣ್ಣು ಶುರುವಾಗುವಲ್ಲಿ ತೆಳುವಾದ ಕಿತ್ತಳೆ ಛಾಯೆಯ ಗೆರೆ ಕಾಣಬಹುದು. ಮಣ್ಣಿನೊಳಗಿನ ಕಬ್ಬಿಣದಂಶ ಮಾಡುವ ಕೆಲಸ ಅದು. ಅಚ್ಚಬಿಳಿಯಾಗಿ, ಯಂತ್ರ ಕೊರೆದಂತೆ ಚೂಪಾದ ಅಂಚಿದ್ದರೆ ಸಂಶಯಪಡಿ. ಹಾಗೆಂದು ಕಂದು ಬಣ್ಣ ಕಂಡ ಕೂಡಲೇ ಹಿಗ್ಗಬೇಡಿ. ಚಹಾದ ಡಿಕಾಕ್ಷನ್, ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಬಳಿದು ಮುಪ್ಪು ತರಿಸುವುದು ಸಾಮಾನ್ಯ. ಹಚ್ಚಿದ ಕೊಳೆ ಎಲ್ಲ ಕಡೆ ಸಮನಾಗಿರುತ್ತದೆ; ಒದ್ದೆ ಹತ್ತಿಯಿಂದ ಒರೆಸಿದರೆ ಕೆಲವೊಮ್ಮೆ ಬಂದುಬಿಡುತ್ತದೆ. ಬಳಕೆಯಿಂದ ಕೂತ ಕೊಳೆ ಸವೆದ ಕಡೆ ಹೆಚ್ಚು, ಸಂದಿಯಲ್ಲಿ ಬೇರೆ ಥರ. ಗೀರುಗಳೂ ಹಾಗೆಯೇ. ನೂರು ವರ್ಷ ಬಳಸಿದ್ದರಲ್ಲಿ ಅವು ಅಡ್ಡಾದಿಡ್ಡಿ, ಆಳವೂ ಬೇರೆಬೇರೆ. ಮರಳು ಕಾಗದದಿಂದ ಉಜ್ಜಿದ್ದರೆ ಎಲ್ಲವೂ ಒಂದೇ ದಿಕ್ಕಿಗೆ ಓಡುತ್ತವೆ.

ಆಮೇಲೆ ಹತ್ತು ಪಟ್ಟಿನ ಮಸೂರ ಹಿಡಿದು ನೀಲಿ ಚಿತ್ರವನ್ನು ನೋಡಿ. ಕುಂಚದ ಗೆರೆಯಲ್ಲಿ ಬಣ್ಣ ತುಂಬಿದ ಕಡೆ ಗಾಢ, ಎತ್ತಿದ ಕಡೆ ತಿಳಿ. ಸಾಲುಸಾಲು ಚುಕ್ಕೆ ಕಂಡರೆ ಅದು ಅಚ್ಚಿನ ಕಾಗದದಿಂದ ಅಂಟಿಸಿದ ಚಿತ್ರ, 20ನೇ ಶತಮಾನದ್ದು ಇಲ್ಲವೆ ಈಚಿನದು. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಕತ್ತಲೆ ಕೋಣೆಯಲ್ಲಿ ಆಡಿಸಿದರೆ, ರಾಳ ತುಂಬಿ ದುರಸ್ತಿ ಮಾಡಿದ ಜಾಗ ಸುತ್ತಲಿನ ಮೆರುಗಿಗಿಂತ ಬೇರೆಯಾಗಿ ಹೊಳೆಯುತ್ತದೆ.

ಕೊನೆಗೆ ಕಾಗದ ತೆಗೆದು ಮುದ್ರೆ ನೋಡಿ. ಅಕ್ಷರಗಳು ಮೆರುಗಿನ ಕೆಳಗಿವೆಯೋ ಮೇಲಿವೆಯೋ? ಬೆಳಕನ್ನು ಓರೆಯಾಗಿ ಬೀಳಿಸಿ. ಮೆರುಗಿನ ಕೆಳಗಿದ್ದರೆ ಹೊಳಪು ಅಕ್ಷರದ ಮೇಲೆ ಕಡಿಯದೆ ಹಾಯುತ್ತದೆ; ಮೇಲಿದ್ದರೆ ಅಕ್ಷರದ ಮೇಲೆ ಹೊಳಪು ಬದಲಾಗುತ್ತದೆ, ಉಗುರಿಗೂ ತಾಗುತ್ತದೆ. ಮೇಲಿದೆ ಎಂದಾದರೆ ಹತ್ತಿಯ ತುದಿಗೆ ಒಂದು ಹನಿ ಅಸಿಟೋನ್ ಹಾಕಿ ಮೂಲೆಯಲ್ಲಿ ಒತ್ತಿ. ಕರಗಿದರೆ ಅದು ಆವಿಗೆಯನ್ನೇ ಕಾಣದ ಮುದ್ರೆ, ಯಾರೋ ಆಮೇಲೆ ಬರೆದದ್ದು. ತಳದಲ್ಲಿ ಉದ್ದಗಿನ ಮಸುಕಾದ ತೇಪೆಯಿದೆಯೇ ಎಂಬುದನ್ನೂ ನೋಡಿ: ‘ಮೇಡ್ ಇನ್ ಚೈನಾ’ ಅಳಿಸಲು ಮೆರುಗನ್ನೇ ಉಜ್ಜಿ ತೆಗೆದ ಗುರುತಾಗಿರಬಹುದು.

ಇಷ್ಟೆಲ್ಲ ಮಾಡಿದರೂ ಚಿತ್ರದಲ್ಲಿ ನೋಡಿದ್ದು ಕೈಗೆ ಬರುವುದಿಲ್ಲ. ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಚೀನೀ ಪಿಂಗಾಣಿ ಇದೆ, ಹೈದರಾಬಾದಿನ ಸಾಲಾರ್ ಜಂಗ್‌ನಲ್ಲಿ ಇನ್ನೂ ಹೆಚ್ಚು. ಹಂಪಿಯ ಉತ್ಖನನದಲ್ಲೂ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಒಡೆದ ಚೂರು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ, ಮಣ್ಣಿನ ಒಳಗು ಕಾಣುವುದು ಅಲ್ಲಿ ಮಾತ್ರ.

ಪ್ರಶ್ನೆ: ನಮ್ಮ ಅಜ್ಜಾರು ರೈಲ್ವೆದಾಗ ಇದ್ರು. ಅವರ ಕಾಲದ ಚಹಾ ಸೆಟ್ ಐತಿ. ಕಪ್ಪು–ಬಶಿ ಎರಡಕ್ಕೂ ತಳಕ್ಕ ಇಂಗ್ಲಿಷಿನ್ಯಾಗ ‘ಆರ್ ಸಿ’, ‘ನೊರಿಟಾಕೆ’, ‘ಮೇಡ್ ಇನ್ ಜಪಾನ್’ ಅಂತ ಮುದ್ರಿ ಐತಿ. ಎಷ್ಟು ಹಳೇದು? ಬಂಗಾರದ ಗೆರಿ ಮಾಸ್ಯಾವು, ಹೊಳಪು ಬರಸೂದು ಹೆಂಗ? — ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಜಪಾನಿನ ಕಾರ್ಖಾನೆಗಳ ಮುದ್ರೆ ಚೀನಾದ ದೊರೆಗಳ ಮುದ್ರೆಯಂತಲ್ಲ, ನೋಂದಾಯಿಸಿದ ವ್ಯಾಪಾರಚಿಹ್ನೆ. ಆದ್ದರಿಂದ ಕಾಲ ಹೇಳುವುದು ಸಲೀಸು. ನೊರಿಟಾಕೆ ಎಂಬುದು ನಗೋಯಾ ಬಳಿಯ ಊರಿನ ಹೆಸರು. ಮೊರಿಮುರಾ ಸಹೋದರರ ವ್ಯಾಪಾರದಿಂದ ಬೆಳೆದ ಕಂಪನಿ ಅಲ್ಲಿ 1904ರಲ್ಲಿ ‘ನಿಪ್ಪಾನ್ ತೋಕಿ’ ಹೆಸರಿನಲ್ಲಿ ಶುರುವಾಯಿತು. ‘ಆರ್ ಸಿ’ ಎಂದರೆ ರಾಯಲ್ ಕ್ರಾಕರಿ. ನಡುವೆ ಇರುವ ವಿಚಿತ್ರ ಚಿಹ್ನೆ ಯಾಜಿರೊಬೆ, ಜಪಾನಿನ ತೂಗುಗೊಂಬೆ. ಈ ಮುದ್ರೆ 1911ರಿಂದ ಬಳಕೆಯಲ್ಲಿದೆ, ಆಮೇಲೆ ಬಹುಕಾಲ ಉಳಿಯಿತು. ಆದ್ದರಿಂದ 1911 ಎಂಬುದು ಅದಕ್ಕಿಂತ ಹಳೆಯದಲ್ಲ ಎನ್ನುವ ಗಡಿ ಅಷ್ಟೇ, ಅದೇ ವರ್ಷದ್ದು ಎಂದಲ್ಲ.

ದೇಶದ ಹೆಸರು ಇನ್ನಷ್ಟು ಹೇಳುತ್ತದೆ. ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ 1891ರ ಮಾರ್ಚ್‌ನಿಂದ ಆಮದಾಗುವ ಸರಕಿನ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲಿರಬೇಕು ಎಂದಿತು. ಆಗ ಜಪಾನಿನವರು ‘ನಿಪ್ಪಾನ್’ ಎಂದು ಬರೆದರು. 1921ರಲ್ಲಿ ಆ ಪದ ನಡೆಯದು, ‘ಜಪಾನ್’ ಎಂದೇ ಬರೆಯಬೇಕು ಎಂದಾಯಿತು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಯುದ್ಧಾನಂತರ ಮಿತ್ರಪಡೆಗಳ ಹಿಡಿತವಿದ್ದ 1952ರವರೆಗಿನ ಕೆಲವೇ ವರ್ಷಗಳದ್ದು. ನೊರಿಟಾಕೆಯವರೇ 1946–48ರಲ್ಲಿ ಗುಣಮಟ್ಟ ಮೊದಲಿನಂತಿಲ್ಲವೆಂದು ತಮ್ಮ ಹೆಸರು ಬಿಟ್ಟು ‘ರೋಸ್ ಚೈನಾ’ ಎಂದು ಒತ್ತಿದರು. ಎಲೆಮಾಲೆಯೊಳಗೆ ‘ಎಂ’ ಅಕ್ಷರವಿದ್ದರೆ ಅದು ಮೊರಿಮುರಾದ್ದು. ಅದೇ ಜಾಗಕ್ಕೆ ‘ಎನ್’ ಬಂದದ್ದು 1953ರಲ್ಲಿ.

ಎರಡು ಕಡೆ ಜನ ಎಡವುತ್ತಾರೆ. ‘ನಿಪ್ಪಾನ್ ತೋಕಿ ಕೈಶಾ’ ಎಂದಿರುವುದು ಕಂಪನಿಯ ಹೆಸರು. 1981ರವರೆಗೂ ಅದೇ ಹೆಸರಿತ್ತು, ಅದನ್ನು ನೋಡಿ 1921ಕ್ಕಿಂತ ಹಿಂದಿನದು ಎನ್ನಬೇಡಿ. ಎರಡನೆಯದು, ಮೆಕಿನ್ಲಿ ಕಾಯ್ದೆ ಅಮೆರಿಕದ್ದು. ಮುಂಬಯಿ ಬಂದರಿಗೆ ಇಳಿದ ಸರಕಿಗೆ ಅದು ಅನ್ವಯಿಸದು. ‘ದೇಶದ ಹೆಸರಿಲ್ಲ, ಆದ್ದರಿಂದ 1891ಕ್ಕಿಂತ ಹಳೆಯದು’ ಎಂಬ ಮಾತು ಅಮೆರಿಕದ ಪುಸ್ತಕಗಳಿಂದ ಇಲ್ಲಿಗೆ ಬಂದದ್ದು, ನಮ್ಮ ಮನೆಗಳ ಪಾತ್ರೆಗೆ ಹೊಂದುವುದಿಲ್ಲ. ನಿಮ್ಮ ಸೆಟ್ಟಿನಲ್ಲಿ ‘ಮೇಡ್ ಇನ್ ಜಪಾನ್’ ಇರುವುದರಿಂದ 1921ರ ನಂತರದ್ದೆಂದು ಇಟ್ಟುಕೊಳ್ಳಬಹುದು. ‘ಶ್ರೀಲಂಕಾ’ ಎಂದಿದ್ದರೆ ಮಾತಳೆಯ ಕಾರ್ಖಾನೆಯದು, 1970ರ ದಶಕ ಇಲ್ಲವೆ ಈಚಿನದು.

ಬಂಗಾರದ ಗೆರೆ ಮಾಸಿಲ್ಲ, ಸವೆದಿದೆ. ಹೊಳಪು ತರಿಸಲು ಅಲ್ಲಿ ಉಳಿದಿರುವುದೇ ಕಡಿಮೆ. ಅದು ಮೆರುಗಿನ ಮೇಲೆ ಕಡಿಮೆ ಶಾಖದಲ್ಲಿ ಸುಟ್ಟ ಅತಿ ತೆಳುವಾದ ಪದರ. ಬೂದಿ, ಹುಣಸೆಹಣ್ಣು, ಪಾತ್ರೆ ತಿಕ್ಕುವ ಪುಡಿ, ಸ್ಟೀಲ್ ನಾರು ಯಾವುದೂ ಬೇಡ. ಉಗುರುಬೆಚ್ಚಗಿನ ನೀರು, ನಾಲ್ಕು ಹನಿ ಸೌಮ್ಯ ಸೋಪು, ಮೆತ್ತನೆಯ ಬಟ್ಟೆ ಸಾಕು. ಮೈಕ್ರೋವೇವ್‌ನಲ್ಲಿ ಇಟ್ಟರೆ ಬಂಗಾರದ ಗೆರೆ ಕಿಡಿ ಹಾರಿಸಿ ಸುಟ್ಟುಹೋಗುತ್ತದೆ. ಅರಿಸಿನದ ಕಲೆಯಾಗಿದ್ದರೆ ತೊಳೆದು ಬಿಸಿಲಿಗಿಡಿ, ಅದರ ಬಣ್ಣ ಬಿಸಿಲಿಗೆ ತಾನೇ ಅಳಿಯುತ್ತದೆ.

ಪ್ರಶ್ನೆ: ತಟ್ಟೆಯ ತಳದಲ್ಲಿ ಕೆಂಪು ಚೌಕ ಮುದ್ರೆ. ಮೇಲು ಯಾವುದು, ಕೆಳಗು ಯಾವುದು ಗೊತ್ತಾಗುವುದಿಲ್ಲ. ಫೋಟೋ ತೆಗೆದು ಫೋನಿಗೆ ಓದಿಸಿದರೆ ಪ್ರತಿ ಸಲ ಬೇರೆ ಉತ್ತರ. — ಬೆಟಗೇರಿ, ಗದಗ

ಉತ್ತರ: ಫೋನಿನ ತಪ್ಪಿಗಿಂತ ಫೋಟೋದ ತಪ್ಪೇ ಹೆಚ್ಚಿರುತ್ತದೆ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದರೆ ಅನೇಕ ಫೋನ್‌ಗಳು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಉಳಿಸುತ್ತವೆ. ಹಿಂದಿನ ಕ್ಯಾಮೆರಾ ಬಳಸಿ. ಫ್ಲ್ಯಾಶ್ ಆರಿಸಿ, ಕಿಟಕಿಯ ಪಕ್ಕದಲ್ಲಿ ಬೆಳಕು ಓರೆಯಾಗಿ ಬೀಳುವಂತೆ ತಟ್ಟೆಯನ್ನಿಡಿ. ಫೋನನ್ನು ತಳಕ್ಕೆ ಸರಿಯಾಗಿ ಸಮಾನಾಂತರವಾಗಿ, ಒಂದು ಗೇಣು ಮೇಲೆ ಹಿಡಿದು ಝೂಮ್ ಮಾಡಿ. ತೀರ ಹತ್ತಿರ ಹೋದರೆ ಅಕ್ಷರ ಮಂಜಾಗುತ್ತದೆ. ತಟ್ಟೆಯನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ ನಾಲ್ಕು ಚಿತ್ರ ತೆಗೆದು, ನಾಲ್ಕನ್ನೂ ಓದಿಸಿ.

ದಿಕ್ಕು ಕಂಡುಹಿಡಿಯಲು ಕೆಲವು ಆಕಾರ ನೆನಪಿಟ್ಟರೆ ಸಾಕು. ಅಡ್ಡಗೆರೆಯೊಂದನ್ನು ನಡುವೆ ದಾಟಿ ಇಳಿದು, ಕೆಳಗೆ ಎರಡು ಕಾಲಾಗಿ ಸೀಳುವ ಅಕ್ಷರ ‘ದಾ’, ಅಂದರೆ ದೊಡ್ಡದು. ಕಾಲುಗಳಿರುವುದು ಯಾವಾಗಲೂ ಕೆಳಗೆ. ಅಗಲವಾದ ಪೆಟ್ಟಿಗೆಯ ನಡುವೆ ಮೇಲಿಂದ ಕೆಳಗೆ ಹಾದ ಗೆರೆಯಿದ್ದರೆ ‘ಜೊಂಗ್’, ಚೀನಾದ ಹೆಸರಿನ ಮೊದಲ ಅಕ್ಷರ. ನಿಂತ ಪೆಟ್ಟಿಗೆಯ ಒಳಗೆ ಒಂದೇ ಅಡ್ಡಗೆರೆ ‘ನಿ’, ಜಪಾನಿನ ಹೆಸರಿನ ಮೊದಲಕ್ಷರ. ಅದೇ ಪೆಟ್ಟಿಗೆಯ ಬಲಕ್ಕೆ ಚಂದ್ರನ ಅಕ್ಷರ ಅಂಟಿದ್ದರೆ ‘ಮಿಂಗ್’. ಎಡಬದಿಯಲ್ಲಿ ಮೇಲಿಂದ ಕೆಳಗೆ ಮೂರು ಹನಿಯಿದ್ದರೆ ‘ಚಿಂಗ್’ ಇರಬಹುದು. ನಾಲ್ಕು ಪಾಲಾದ ಚೌಕ ‘ತಾ’, ಅಂದರೆ ಗದ್ದೆ. ಅರಿತಾ ಎಂಬ ಜಪಾನೀ ಪಿಂಗಾಣಿ ಊರಿನ ಹೆಸರಿನಲ್ಲಿ ಬರುತ್ತದೆ. ಎರಡೇ ಅಕ್ಷರವಿದ್ದು ಕೆಂಪು ಅಥವಾ ಬಂಗಾರದ ಬಣ್ಣದಲ್ಲಿದ್ದರೆ ಮೊದಲು ಜಪಾನಿನ ಇನ್ನೊಂದು ಬಗೆಯ ಪಿಂಗಾಣಿ ‘ಕುತಾನಿ’ಯ ಮುದ್ರೆಯನ್ನು ಹೋಲಿಸಿ ನೋಡಿ.

ಅಕ್ಷರವೆಲ್ಲ ಕೋನಕೋನವಾಗಿ, ಜಾಲರಿಯಂತೆ ಹೆಣೆದುಕೊಂಡಿದ್ದರೆ ಅದು ಮುದ್ರಾಲಿಪಿ. ಚಿಯಾನ್‌ಲೊಂಗ್ ದೊರೆಯ (1736–1795) ಕಾಲದಿಂದ ಹೆಚ್ಚು ಬಳಕೆಗೆ ಬಂತು. ಫೋನುಗಳು ಇದನ್ನು ಓದುವಾಗ ಎಡವುತ್ತವೆ. ಇಂಥದ್ದನ್ನು ಪ್ರಕಟಿತ ಮುದ್ರೆಗಳ ಪಟ್ಟಿಯ ಪಕ್ಕದಲ್ಲಿಟ್ಟು ಕಣ್ಣಿನಿಂದಲೇ ಹೋಲಿಸಬೇಕು.

ಕೆಂಪು ಮುದ್ರೆಯಲ್ಲಿ ರೋಮನ್ ಅಕ್ಷರದ ‘ಜೊಂಗ್‌ಗುವೊ ಜಿಂಗ್‌ದೆಜೆನ್’ ಎಂಬ ಪಿನ್‌ಯಿನ್ ಬರಹವಿದ್ದರೆ ಕೆಲಸ ಮುಗಿಯಿತು: ಆ ಬರಹಕ್ರಮ ಅಧಿಕೃತವಾದದ್ದೇ 1958ರಲ್ಲಿ. ಸರಳಗೊಳಿಸಿದ ಚೀನೀ ಅಕ್ಷರಗಳು 1956ರಿಂದ. ಇಂಥ ತಟ್ಟೆಗಳು ಚೆನ್ನಾಗಿಯೇ ಇರುತ್ತವೆ, ಪುರಾತನವಲ್ಲ ಅಷ್ಟೇ.

ಕೆತ್ತಿ ಒತ್ತಿದ ಮುದ್ರೆಯಾಗಿದ್ದು ಕಾಣದೇ ಹೋದರೆ, ತೆಳು ಕಾಗದ ಹಾಸಿ ಮೆತ್ತನೆಯ ಪೆನ್ಸಿಲ್ಲನ್ನು ಮಲಗಿಸಿ ಉಜ್ಜಿ. ಮೆರುಗಿಲ್ಲದ ಮಣ್ಣಿನ ಮೇಲೆ ಮಾತ್ರ ಸುಣ್ಣದ ಪುಡಿ, ಹಿಟ್ಟು ತುಂಬಲು ಹೋಗಬೇಡಿ. ರಂಧ್ರದಲ್ಲಿ ಕೂತು ಬರುವುದಿಲ್ಲ. ಮಸೂರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಿಮ್ಮ ಗದಗ ಮುದ್ರಣಾಲಯಗಳ ಊರು. ಆಫ್‌ಸೆಟ್ ಚುಕ್ಕೆ ನೋಡುವ ಮಸೂರವೇ ಇದಕ್ಕೂ ಸರಿ.

ಪ್ರಶ್ನೆ: ಗೆಳೆಯರೊಬ್ಬರು ನಮ್ಮ ಹೂದಾನಿಯ ಮೇಲಿನ ಬರಹದಲ್ಲಿ ‘ಬಿಂಗ್–ಜಿ ವರ್ಷ’ ಎಂದು ಓದಿದರು. ಇದು ಯಾವ ಇಸವಿ? — ಲಕ್ಷ್ಮೇಶ್ವರ

ಉತ್ತರ: ನಮ್ಮ ಪಂಚಾಂಗ ಗೊತ್ತಿರುವವರಿಗೆ ಇದು ತೊಡಕಲ್ಲ. ನಮಗೆ ಪ್ರಭವಾದಿ ಅರವತ್ತು ಸಂವತ್ಸರವಿದ್ದಂತೆ ಚೀನಾದಲ್ಲೂ ಅರವತ್ತರ ಚಕ್ರವಿದೆ. ಕ್ರೋಧಿ ಎಂದಷ್ಟೇ ಬರೆದು ಶಕವರ್ಷ ಬಿಟ್ಟರೆ 1904, 1964, 2024 ಯಾವುದೂ ಆಗಬಹುದಲ್ಲ, ಅಲ್ಲಿಯೂ ಅದೇ ಪೇಚು. ನಮ್ಮ ಚಕ್ರ ಕಳೆದ ಸಲ 1987ರಲ್ಲಿ ಪ್ರಭವದಿಂದ ಶುರುವಾಯಿತು, ಅವರದು 1984ರಲ್ಲಿ ‘ಜಿಯಾ–ಜಿ’ಯಿಂದ. ವರ್ಷದ ಹೆಸರಿನ ಮೊದಲ ಅಕ್ಷರ ಹತ್ತು ‘ಕಾಂಡ’ಗಳಲ್ಲಿ ಒಂದು, ಎರಡನೆಯದು ಹನ್ನೆರಡು ‘ಶಾಖೆ’ಗಳಲ್ಲಿ ಒಂದು; ಎರಡೂ ಜೋಡಿಯಾಗಿ ಓಡುತ್ತವೆ. ಬಿಂಗ್–ಜಿ ಹದಿಮೂರನೆಯ ಜೋಡಿ: 1876, 1936, 1996.

ಓದಿದ್ದು ಸರಿಯೇ ಎಂದು ತಾಳೆ ನೋಡಲು ಸುಲಭದ ದಾರಿಯಿದೆ. ಮೊದಲ ಅಕ್ಷರ ಇಸವಿಯ ಕೊನೆಯ ಅಂಕಿಗೆ ಕಟ್ಟುಬಿದ್ದದ್ದು: ಜಿಯಾ ಎಂದರೆ 4, ಯಿ 5, ಬಿಂಗ್ 6, ಡಿಂಗ್ 7, ವು 8, ಜಿ 9, ಗೆಂಗ್ 0, ಶಿನ್ 1, ರೆನ್ 2, ಗ್ವೇ 3. ಬಿಂಗ್ ಎಂದು ಓದಿ 1938 ಎಂದು ಹೇಳಿದರೆ ಎಲ್ಲೋ ತಪ್ಪಿದೆ. ವರ್ಷ ಶುರುವಾಗುವುದು ಜನವರಿ ಕೊನೆ–ಫೆಬ್ರವರಿಯಲ್ಲಿ ಎಂಬುದೂ ನೆನಪಿರಲಿ. ಪದ್ಯದ ಜೊತೆ ವರ್ಷ ಬರೆದ, ತಿಳಿಬಣ್ಣದ ಬೆಟ್ಟ–ನೀರಿನ ಚಿತ್ರವಿರುವ ಹೂದಾನಿಯಾದರೆ 1876 ಮತ್ತು 1936ರ ನಡುವೆ ಆರಿಸಬೇಕಾಗುತ್ತದೆ. ಆ ಶೈಲಿ 19ನೇ ಶತಮಾನದ ಉತ್ತರಾರ್ಧದಲ್ಲಿ ಬೆಳೆದದ್ದು, ಆದ್ದರಿಂದ ನಮ್ಮ ಒಲವು 1876ರ ಕಡೆಗೆ. ಮೊದಲ ಪ್ರಶ್ನೆಯ ಉತ್ತರದಂತೆ ಪಾದದ ಬಳೆ ನೋಡದೆ ತೀರ್ಮಾನಿಸಬೇಡಿ.

ಪ್ರಶ್ನೆ: ಉಪ್ಪಿನಕಾಯಿ ಹಾಕುವ ನಮ್ಮ ಚೀನಿ ಭರಣಿಗೆ ಮುದ್ರೆಯೇ ಇಲ್ಲ. ಮೇಲರ್ಧ ಕಂದು, ಕೆಳಗರ್ಧ ಹಾಲುಬಣ್ಣ. ಚೀನಾದ್ದೇ? ಈಗಲೂ ಬಳಸಬಹುದೇ? ಹೊರಗೆ ಬಿಳಿ ಪುಡಿ ಏಳುತ್ತದೆ. — ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಹೆಸರು ಚೀನಿ, ಊರು ಬಹುಶಃ ನಮ್ಮ ದೇಶದ್ದೇ. ಎರಡು ಬಣ್ಣದ ಈ ಭರಣಿಗಳು ಇಂಗ್ಲಿಷ್ ಮಾದರಿಯವು. ಗುಜರಾತಿನ ಮೋರ್ಬಿ, ವಾಂಕಾನೇರ್, ಥಾನ್ ಕಡೆಯ ಕಾರ್ಖಾನೆಗಳು ಇಂಥ ಭರಣಿಗಳನ್ನು ಮಾಡಿವೆ. ಬುಡದ ಹತ್ತಿರ ಬೆರಳಾಡಿಸಿ. ಒತ್ತಿದ ಇಂಗ್ಲಿಷ್ ಅಕ್ಷರ ಇಲ್ಲವೆ ಅಳತೆಯ ಅಂಕಿ ಮೆರುಗು ತುಂಬಿ ಮರೆಯಾಗಿರಬಹುದು. ದಕ್ಷಿಣ ಚೀನಾದಿಂದ ಹಡಗಿನಲ್ಲಿ ಬಂದ ದೊಡ್ಡ ಜಾಡಿಗಳು ಬೇರೆ. ಅವುಗಳ ಹೆಗಲ ಮೇಲೆ ಮುಚ್ಚಳ ಕಟ್ಟಲು ನಾಲ್ಕೋ ಆರೋ ಕಿವಿಗಳಿರುತ್ತವೆ, ಬುಡಕ್ಕೆ ಮೆರುಗಿರುವುದಿಲ್ಲ, ಒಳಗೆ ಕೈ ಹಾಕಿದರೆ ತುಂಡು ಕೂಡಿಸಿದ ಏಣು ತಾಗುತ್ತದೆ. ಮುದ್ರೆ ಇದ್ದರೆ ತಳದಲ್ಲಲ್ಲ, ಹೆಗಲ ಮೇಲೆ. ಬರ್ಮಾದ ಬಂದರಿನ ಹೆಸರಿನಿಂದ ಅವನ್ನು ಮಾರ್ತಬಾನ್ ಜಾಡಿ ಎನ್ನುತ್ತಾರೆ.

ಬಿಳಿ ಪುಡಿ ಉಪ್ಪು. ಮೆರುಗಿನ ಬಿರುಕಿನಿಂದ ಒಳಗಿನ ಉಪ್ಪುನೀರು ಮಣ್ಣಿಗಿಳಿದು ಹೊರಗೆ ಹರಳುಗಟ್ಟುತ್ತಿದೆ. ಹೀಗೇ ಬಿಟ್ಟರೆ ಹರಳು ಹಿಗ್ಗಿ ಮೆರುಗನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಖಾಲಿ ಮಾಡಿ, ಸಿಹಿನೀರಿನಲ್ಲಿ ಮುಳುಗಿಸಿಟ್ಟು, ದಿನಾ ನೀರು ಬದಲಿಸುತ್ತಾ ಎರಡು ವಾರ ಬಿಡಿ. ನೆರಳಲ್ಲಿ ಪೂರ್ತಿ ಒಣಗಿಸಿ. ಆಮೇಲೆ ನೀರು ತುಂಬಿ ಹಳೆಯ ಪತ್ರಿಕೆಯ ಮೇಲೆ ಒಂದು ದಿನ ನಿಲ್ಲಿಸಿ. ಕಾಗದ ಒದ್ದೆಯಾದರೆ ಉಪ್ಪಿನಕಾಯಿಗೆ ಆಗದು, ಬೇಳೆಕಾಳಿಗೆ ಆದೀತು.

ಬಣ್ಣದ ಚಿತ್ರವಿರುವ ಹಳೆಯ ಚೀನೀ, ಜಪಾನೀ ಪಾತ್ರೆಗಳಲ್ಲಿ ಮಾತ್ರ ಹುಳಿ ಇಡಲೇಬೇಡಿ. ಮೆರುಗಿನ ಮೇಲಿನ ಬಣ್ಣಗಳಲ್ಲಿ ಸೀಸ ಇರುತ್ತದೆ. ಹುಳಿ ಅದನ್ನು ಕರಗಿಸುತ್ತದೆ. ಪ್ರಯೋಗಾಲಯಗಳು ಪರೀಕ್ಷೆಗೆ 4% ಅಸಿಟಿಕ್ ಆಮ್ಲವನ್ನು 24 ಗಂಟೆ ಇಡುತ್ತವೆ. ನಮ್ಮ ಉಪ್ಪಿನಕಾಯಿ ಕೂರುವುದು ಒಂದು ವರ್ಷ.

ಪ್ರಶ್ನೆ: ದುರ್ಗದ ಬೈಲಿನಲ್ಲಿ ಕೊಂಡ ಕಪ್ಪನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಹೆಂಗಸಿನ ಮುಖ ಕಾಣುತ್ತದೆ! — ಹುಬ್ಬಳ್ಳಿ

ಉತ್ತರ: ಅದು ಲಿಥೋಫೇನ್. ಪಿಂಗಾಣಿಯ ದಪ್ಪವನ್ನೇ ಏರಿಳಿಸಿ ಒತ್ತಿದ ಚಿತ್ರ. ತೆಳುವಾದಲ್ಲಿ ಬೆಳಕು, ದಪ್ಪವಾದಲ್ಲಿ ನೆರಳು. ಹೊರಗೆ ಉಬ್ಬಿದ ಡ್ರ್ಯಾಗನ್ ಇದ್ದರೆ ಜಪಾನಿನ ರಫ್ತು ಸರಕು, ಬಹುಪಾಲು 20ನೇ ಶತಮಾನದ ನಡುಭಾಗದ್ದು. ಬಿಸಿ ಚಹಾವನ್ನು ಒಮ್ಮೆಲೇ ಸುರಿಯಬೇಡಿ, ತೆಳುವಾದ ತಳ ಸೀಳುತ್ತದೆ.

ಪ್ರಶ್ನೆ: ಬಂಗಾರದ ವೃತ್ತದೊಳಗೆ ಕೂಡು ಗುರುತು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ರಾಯಲ್ ಸತ್ಸುಮಾ’. ಬೆಲೆ ಬಾಳುವುದೇ? — ರಾಣೆಬೆನ್ನೂರು

ಉತ್ತರ: ವೃತ್ತದೊಳಗಿನ ಕೂಡು ಗುರುತು ಜಪಾನಿನ ಸತ್ಸುಮಾ ಪ್ರಾಂತ್ಯದ ಶಿಮಾಜು ಮನೆತನದ ಲಾಂಛನ. ಮೇಜಿ ಕಾಲದಲ್ಲಿ (1868–1912) ಆ ಮನೆತನಕ್ಕೆ ಸಂಬಂಧವಿಲ್ಲದ ಕಾರ್ಖಾನೆಗಳೂ ಅದನ್ನು ರಫ್ತು ಸರಕಿಗೆ ಬರೆದವು. ‘ರಾಯಲ್ ಸತ್ಸುಮಾ’ ಎಂದು ಇಂಗ್ಲಿಷಿನಲ್ಲಿದ್ದರೆ ಸಾಮಾನ್ಯವಾಗಿ 20ನೇ ಶತಮಾನದ ಕೊನೆಯ ಭಾಗದ ಚೀನೀ ತಯಾರಿಕೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ನಿಜವಾದ ಸತ್ಸುಮಾ ಕೆನೆಬಣ್ಣದ, ನವಿರು ಬಿರುಕಿನ ಮೆರುಗಿನ ಮಣ್ಣಿನ ಪಾತ್ರೆ. ಸದ್ದು ಮಂಕು, ಟಾರ್ಚಿನ ಬೆಳಕು ಹಾಯದು. ಟಿಂಗೆಂದರೆ ಪಿಂಗಾಣಿ.

ಪ್ರಶ್ನೆ: ಹಳೆಯ ಪಿಂಗಾಣಿಯನ್ನು ವಿದೇಶದಲ್ಲಿರುವ ಮಗನಿಗೆ ಕಳಿಸಬಹುದೇ? — ಸಪ್ತಾಪುರ, ಧಾರವಾಡ

ಉತ್ತರ: ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವುದಕ್ಕೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಅವಕಾಶ ಕೊಡುವುದಿಲ್ಲ. ಅದು ಚೀನಾದಲ್ಲಿ ಮಾಡಿದ್ದು ಎಂಬ ವಾದ ಕಸ್ಟಮ್ಸ್‌ನಲ್ಲಿ ನಡೆಯುವುದು ಕಷ್ಟ. ಈಚಿನದೇ ಆಗಿದ್ದರೂ ಹಳೆಯದರಂತೆ ಕಂಡರೆ ತಡೆಯುತ್ತಾರೆ. ಆದ್ದರಿಂದ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಿರಿ. ಇಲಾಖೆಯ ವಲಯ ಕಚೇರಿ ಧಾರವಾಡದಲ್ಲೇ ಇದೆ. ಎಲ್ಲಿ, ಹೇಗೆ ಅರ್ಜಿ ಹಾಕಬೇಕೆಂದು ಅಲ್ಲಿ ಕೇಳಿ. ಹೋಗುವಾಗ ಇಡೀ ಪಾತ್ರೆಯದೊಂದು, ಪಾದದ ಬಳೆಯದೊಂದು, ಮುದ್ರೆಯದೊಂದು ಚಿತ್ರ, ಎತ್ತರ–ಅಗಲ ಸೆಂಟಿಮೀಟರಿನಲ್ಲಿ ಬರೆದುಕೊಂಡು ಹೋಗಿ. ಈ ಅಂಕಣಕ್ಕೆ ಬರೆಯುವವರೂ ಅವಿಷ್ಟನ್ನೇ ಕಳಿಸಲಿ, ಜೊತೆಗೆ ಮೆರುಗು ಕಿತ್ತಿರುವ ಜಾಗದ್ದೊಂದು ಚಿತ್ರವಿದ್ದರೆ ಇನ್ನೂ ಒಳ್ಳೆಯದು.